ಬಿಡಿಸಿ ಜೋಡಿಸುವ ಮಿದುಳಿನ ಮಾದರಿ: ಒಂದು ವರ್ಷದ ಬಳಕೆಯ ನಂತರ

ನರಶಸ್ತ್ರಚಿಕಿತ್ಸೆ ಕಲಿಯುವವರಿಗೆಂದೇ ತಯಾರಿಸಿದ, ನಿಜವಾದ ಮಿದುಳಿನಷ್ಟೇ ದೊಡ್ಡದಾದ ಪ್ಲಾಸ್ಟಿಕ್ ಮಾದರಿಯೊಂದನ್ನು ನಾನು ಒಂದು ವರ್ಷದಿಂದ ಬಳಸುತ್ತಿದ್ದೇನೆ. ಮಿದುಳಿನ ಮೇಲ್ಮೈಯ ಸುರುಳಿಗಳನ್ನೂ ಅವುಗಳ ನಡುವಿನ ಸೀಳುಗಳನ್ನೂ ಗುರುತಿಸಲು ಇದು ಎಷ್ಟು ನೆರವಾಗುತ್ತದೆ ಎಂಬುದಷ್ಟೇ ಇಲ್ಲಿನ ವಿಚಾರ.

ಇದರ ನಿಜವಾದ ಬಲವಿರುವುದು ಸೆಂಟ್ರಲ್ ಸಲ್ಕಸ್‌ನ, ಅಂದರೆ ಮಿದುಳಿನ ಮುಂಭಾಗವನ್ನು ಅದರ ಹಿಂದಿನ ಭಾಗದಿಂದ ಬೇರ್ಪಡಿಸುವ ಸೀಳಿನ ಸುತ್ತ. ಮುಂಭಾಗದಲ್ಲಿ ಉದ್ದಕ್ಕೂ ಸಾಗುವ ಸುಪೀರಿಯರ್ ಫ್ರಾಂಟಲ್ ಸಲ್ಕಸ್ ಮೇಲೆ ಬೆರಳಿಟ್ಟು ಹಿಂದಕ್ಕೆ ಹೋದರೆ ಅದು ಅಡ್ಡಲಾಗಿ ಬರುವ ಪ್ರಿಸೆಂಟ್ರಲ್ ಸಲ್ಕಸ್ ಅನ್ನು ಮುಟ್ಟುತ್ತದೆ. ಅದರ ಹಿಂದಿನ ಸುರುಳಿಯೇ ದೇಹದ ಚಲನೆಯನ್ನು ನಿಯಂತ್ರಿಸುವ ಭಾಗ. ಎಂಆರ್‌ಐ ಚಿತ್ರದಲ್ಲಿ ತಲೆಕೆಳಗಾದ ಒಮೆಗಾ ಅಕ್ಷರದಂತೆ ಕಾಣುವ, ಕೈಯ ಚಲನೆಗೆ ಸಂಬಂಧಿಸಿದ ಉಬ್ಬನ್ನು ತಯಾರಕರು ಎಷ್ಟು ಎಚ್ಚರದಿಂದ ರೂಪಿಸಿದ್ದಾರೆಂದರೆ, ಕಣ್ಣು ಮುಚ್ಚಿಕೊಂಡೂ ಅದನ್ನು ಬೆರಳಿನಿಂದ ಪತ್ತೆಹಚ್ಚಬಹುದು. ಗಡ್ಡೆ ತೆಗೆಯುವಾಗ ಒಂದೇ ಒಂದು ಸುರುಳಿಯಷ್ಟು ಲೆಕ್ಕ ತಪ್ಪಿದರೂ ರೋಗಿಯ ಕೈ ಸ್ವಾಧೀನ ಕಳೆದುಕೊಳ್ಳಬಹುದಾದ್ದರಿಂದ ಈ ಎಚ್ಚರವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಮಿದುಳಿನ ಪಕ್ಕದಲ್ಲಿರುವ ಆಳವಾದ ಸೀಳಾದ ಸಿಲ್ವಿಯನ್ ಫಿಶರ್ ಕೂಡ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. ಮುಂಭಾಗದ ಕೆಳಸುರುಳಿಯಲ್ಲಿರುವ ಪಾರ್ಸ್ ಟ್ರಯಾಂಗ್ಯುಲಾರಿಸ್ ಎಂಬ ತ್ರಿಕೋನದ ತುದಿಯ ಕೆಳಗೆ ಈ ಸೀಳು ಸ್ವಲ್ಪ ಅಗಲವಾಗಿರುತ್ತದೆ. ಅನೇಕ ಶಸ್ತ್ರವೈದ್ಯರು ಅದನ್ನು ಬಿಡಿಸಲು ಆರಂಭಿಸುವುದು ಅಲ್ಲಿಂದಲೇ.

ದೋಷಗಳೂ ಇವೆ. ಮಾದರಿಯಲ್ಲಿ ಸೆಂಟ್ರಲ್ ಸಲ್ಕಸ್ ನೇರವಾಗಿ ಸಿಲ್ವಿಯನ್ ಫಿಶರ್‌ಗೆ ಹೋಗಿ ಸೇರುತ್ತದೆ. ಆದರೆ ಹೆಚ್ಚಿನ ಮಿದುಳುಗಳಲ್ಲಿ ಅದರ ಕೆಳತುದಿಯನ್ನು ಒಂದು ಸಣ್ಣ ಸುರುಳಿ ಸೇತುವೆಯಂತೆ ಮುಚ್ಚಿರುತ್ತದೆ, ಮತ್ತು ಆ ಸೇತುವೆಯೇ ಅದನ್ನು ಗುರುತಿಸಲು ಒಂದು ಸುಳಿವು. ಇದಕ್ಕಿಂತ ದೊಡ್ಡ ಕೊರತೆಯೆಂದರೆ ಮಿದುಳನ್ನು ಹೊದ್ದಿರುವ ಅರಾಕ್ನಾಯ್ಡ್ ಎಂಬ ತೆಳು ಪೊರೆಯಾಗಲಿ ರಕ್ತನಾಳಗಳಾಗಲಿ ಇಲ್ಲದಿರುವುದು. ಬುರುಡೆಯ ಒಳಗಿನ ದಪ್ಪ ಹೊರಪೊರೆಯಾದ ಡ್ಯೂರಾ ತೆರೆದಾಗ ಮೊದಲು ಕಾಣುವುದು ಹೊಳೆಯುವ ಪೊರೆ ಮತ್ತು ಸೀಳುಗಳನ್ನು ಮರೆಮಾಡಿ ಹರಡಿಕೊಂಡ ಸಿರೆಗಳು. ಅದೂ ಬುರುಡೆಯಲ್ಲಿ ಕೊರೆದ ಚಿಕ್ಕ ಕಿಂಡಿಯಷ್ಟೇ ಜಾಗದಲ್ಲಿ. ಹಾಗಾಗಿ ನಾನು ಬಟ್ಟೆಯೊಂದರಲ್ಲಿ ಅಂಗೈಯಷ್ಟಗಲದ ರಂಧ್ರ ಮಾಡಿ, ಮಾದರಿಯನ್ನು ಓರೆಯಾಗಿಟ್ಟು ಅದರ ಮೇಲೆ ಹೊದಿಸಿ, ಕಾಣುತ್ತಿರುವ ಸುರುಳಿ ಯಾವುದೆಂದು ಹೇಳುವ ಅಭ್ಯಾಸ ಮಾಡಿಕೊಂಡೆ. ಮೊದಲ ವಾರ ಬಹುಪಾಲು ಉತ್ತರಗಳು ತಪ್ಪಾಗಿದ್ದವು.

ಎಂಆರ್‌ಐ ಚಿತ್ರದ ಮೇಲೆ ಉಪಕರಣ ಎಲ್ಲಿದೆ ಎಂದು ತೋರಿಸುವ ನ್ಯಾವಿಗೇಷನ್ ಯಂತ್ರವಿರುವಾಗ ಇಷ್ಟೆಲ್ಲ ಏಕೆ ಎಂದು ಸಹೋದ್ಯೋಗಿಗಳು ಕೇಳುವುದುಂಟು. ಶಸ್ತ್ರಚಿಕಿತ್ಸೆಯ ನಡುವೆ ಮಿದುಳಿನ ದ್ರವ ಹರಿದುಹೋಗಿ ಮಿದುಳು ಕುಸಿದಾಗ, ಮೊದಲೇ ತೆಗೆದ ಎಂಆರ್‌ಐ ಚಿತ್ರಕ್ಕೂ ಎದುರಿರುವ ಮಿದುಳಿಗೂ ಹೊಂದಾಣಿಕೆ ತಪ್ಪುತ್ತದೆ. ಆದರೆ ಸುರುಳಿಗಳು ಒಂದಕ್ಕೊಂದು ಇರುವ ಕ್ರಮ ಹಾಗೆಯೇ ಉಳಿಯುವುದರಿಂದ, ಅದನ್ನು ಬಲ್ಲವರು ವಿದ್ಯುತ್ ಪ್ರಚೋದನೆಯಿಂದ ಖಚಿತಪಡಿಸಿಕೊಳ್ಳಬೇಕಾದ ಜಾಗವನ್ನು ಬೇಗ ಗುರುತಿಸಬಲ್ಲರು.

ಮೊದಲ ಎರಡು ವರ್ಷಗಳ ವಿದ್ಯಾರ್ಥಿಗಳು ಇದನ್ನು ಖಂಡಿತ ಕೊಳ್ಳಬಹುದು. ಸಿರೆಗಳನ್ನು ಮುದ್ರಿಸಿದ ಪಾರದರ್ಶಕ ಹೊದಿಕೆಯೊಂದನ್ನು ತಯಾರಕರು ಜೊತೆಗೆ ಕೊಟ್ಟರೆ, ಹಿರಿಯ ವಿದ್ಯಾರ್ಥಿಗಳಿಗೂ ನಾನು ಇದನ್ನು ಶಿಫಾರಸು ಮಾಡುತ್ತೇನೆ.