‘ಗಂಡನ ಜಾಗದಲ್ಲಿ ಒಂದು ಸಹಿ ಅಷ್ಟೇ’ ಎಂದವರ ಮುಂದೆ ಕೂರಬೇಡಿ

ಬೆಂಗಳೂರಿನಲ್ಲಿ ಮಗು ಮಾಡಿಕೊಳ್ಳಬೇಕೆಂದು ಓಡಾಡುತ್ತಿರುವ ಹೆಣ್ಣು-ಹೆಣ್ಣು ಜೋಡಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಫರ್ಟಿಲಿಟಿ ಕ್ಲಿನಿಕ್‌ಗಳಿಗೂ ನಮ್ಮಂಥವರಿಗೂ ನಡುವೆ ಈಗ ಒಂದಿಷ್ಟು ದಲ್ಲಾಳಿಗಳು ಹುಟ್ಟಿಕೊಂಡಿದ್ದಾರೆ. ಕೋಆರ್ಡಿನೇಟರ್ ಅಂತಲೋ ಕನ್ಸಲ್ಟೆಂಟ್ ಅಂತಲೋ ಹೇಳಿಕೊಳ್ಳುತ್ತಾರೆ. ನಮಗೆ ಸಿಕ್ಕವನು ದುಡ್ಡು ತಿಂದ, ಅದು ಹೋಗಲಿ. ನಮಗೆ ಹುಟ್ಟಬೇಕಾದ ಮಗುವಿಗೆ ಸಂಬಂಧವೇ ಇಲ್ಲದ ಗಂಡಸೊಬ್ಬನನ್ನು ಕಾಗದದ ಮೇಲೆ ಅಪ್ಪನನ್ನಾಗಿ ಕೂರಿಸಲು ಹೊರಟಿದ್ದ. ಇದೇ ಕೆಲಸವನ್ನು ಇನ್ನೂ ಎಷ್ಟು ಮನೆಗಳಲ್ಲಿ ಮಾಡಿದ್ದಾನೋ ಎಂಬ ಭಯಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅವನು ನಮಗೆ ಸಿಕ್ಕಿದ್ದು ಇನ್‌ಸ್ಟಾಗ್ರಾಂನಲ್ಲಿ. ‘ಎಲ್ಲ ಬಗೆಯ ಕುಟುಂಬಗಳಿಗೂ ಸ್ವಾಗತ’ ಎಂದು ನಮ್ಮಂಥವರ ಗುರುತಾದ ಕಾಮನಬಿಲ್ಲಿನ ಬಣ್ಣದ ಬಾವುಟ ಹಾಕಿಕೊಂಡಿದ್ದ. ಅದಕ್ಕೂ ಮೊದಲು ಕೆಲವು ಕ್ಲಿನಿಕ್‌ಗಳ ರಿಸೆಪ್ಷನ್‌ನಲ್ಲೇ ‘ಹಸ್ಬೆಂಡ್ ಎಲ್ಲಿ ಮೇಡಂ?’ ಎಂದು ಕೇಳಿಸಿಕೊಂಡು, ಫೈಲ್ ಕೂಡ ತೆರೆಸದೆ ವಾಪಸ್ ಬಂದಿದ್ದೆವು. ಹಾಗೆ ಸುಸ್ತಾದವರಿಗೆ ಆ ಬಾವುಟ ಎಷ್ಟು ಸಮಾಧಾನ ಕೊಡುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಫೋನಿನಲ್ಲಿ ಮಾತು ಬೆಣ್ಣೆಯಂತೆ. ಇಬ್ಬರ ಹೆಸರನ್ನೂ ಜನನ ಪ್ರಮಾಣಪತ್ರದಲ್ಲಿ ತಾಯಂದಿರೆಂದು ಹಾಕಿಸಿಕೊಡುತ್ತೇನೆ, ಬೇಕಾದರೆ ಇವಳ, ಅಂದರೆ ನನ್ನ ಸಂಗಾತಿಯ, ಅಂಡಾಣು ತೆಗೆದು ನನ್ನ ಗರ್ಭದಲ್ಲಿ ಬೆಳೆಸಿಕೊಡಿಸುತ್ತೇನೆ, ವೀರ್ಯ ದಾನಿಯ ಫೋಟೊ ನೋಡಿ ಆರಿಸಿಕೊಳ್ಳಬಹುದು ಎಂದ. ಈ ಮೂರರಲ್ಲಿ ಒಂದೂ ನಮ್ಮ ದೇಶದಲ್ಲಿ ಸಾಧ್ಯವಿಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಮುಂಗಡವಾಗಿ ₹40,000 ಕೇಳಿದ. ಯುಪಿಐನಲ್ಲಿ ಬಂದ ಹೆಸರು ಅವನದೂ ಅಲ್ಲ, ಯಾವ ಕ್ಲಿನಿಕ್‌ನದೂ ಅಲ್ಲ. ಕೇಳಿದ್ದಕ್ಕೆ ‘ಅಕೌಂಟ್ಸ್ ನೋಡ್ಕೊಳ್ಳೋರದು ಮೇಡಂ, ಬಿಲ್ ಆಮೇಲೆ ಬರುತ್ತೆ’ ಎಂದ. ಬಿಲ್ ಬರಲೇ ಇಲ್ಲ.

ಜಯನಗರದ ಒಂದು ಕಾಫಿ ಅಂಗಡಿಯಲ್ಲಿ ಕಾಗದಪತ್ರ ತಂದ. ಅದೊಂದು ಒಪ್ಪಿಗೆ ಪತ್ರದ ಜೆರಾಕ್ಸ್. ಸಹಿ ಹಾಕಬೇಕಾದ ಕಡೆಯೆಲ್ಲ ಹಳದಿ ಚೀಟಿ ಅಂಟಿಸಿದ್ದ. ‘ಪತ್ನಿ’ ಎಂಬಲ್ಲಿ ನನ್ನ ಹೆಸರು ಆಗಲೇ ಟೈಪ್ ಆಗಿತ್ತು. ‘ಪತಿ’ ಎಂಬಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದೊಂದು ಗುರುತು, ಪಕ್ಕದಲ್ಲಿ ಆಧಾರ್ ಸಂಖ್ಯೆಗೆ ಖಾಲಿ ಜಾಗ. ಕೆಳಗೆ ಸ್ಟಾಂಪ್ ಪೇಪರಿನ ಮೇಲೆ ಒಂದು ಅಫಿಡವಿಟ್: ನಾವಿಬ್ಬರೂ ದೇವಸ್ಥಾನದಲ್ಲಿ ಮದುವೆಯಾಗಿದ್ದೇವೆ, ನೋಂದಣಿ ಮಾಡಿಸಿಲ್ಲ, ಇಷ್ಟು ವರ್ಷದಿಂದ ಮಕ್ಕಳಾಗಿಲ್ಲ ಎಂದು. ಗಂಡನ ಹೆಸರಿನ ಜಾಗವೊಂದು ಖಾಲಿ, ನೋಟರಿಯ ಮುದ್ರೆ ಮಾತ್ರ ಮೊದಲೇ ಬಿದ್ದಿತ್ತು.

‘ಇದು ಯಾರು ಹಾಕಬೇಕು?’ ಅಂತ ಇವಳು ಕೇಳಿದಳು.

‘ಯಾರಾದ್ರೂ ಫ್ರೆಂಡ್ ಇದ್ರೆ ಕರ್ಕೊಂಡು ಬನ್ನಿ ಮೇಡಂ. ಒಂದು ಸಹಿ ಅಷ್ಟೇ. ಇಲ್ಲ ಅಂದ್ರೆ ನಮ್ ಹುಡ್ಗನೇ ಇದಾನೆ, ಅದಕ್ಕೆ ಸ್ವಲ್ಪ ಎಕ್ಸ್‌ಟ್ರಾ ಆಗುತ್ತೆ. ಎಲ್ರೂ ಹೀಗೇ ಮಾಡೋದು.’

ಆ ಕಾಗದವನ್ನು ಅಲ್ಲೇ ಫೋಟೊ ತೆಗೆದುಕೊಂಡು ಎದ್ದು ಬಂದೆವು. ಫೋಟೊ ತೆಗೆದಿದ್ದು ಇವಳು. ಅವನ ಮುಖ ಬಿಳಿಚಿಕೊಂಡಿದ್ದನ್ನು ನೋಡಿದ ಮೇಲೆಯೇ ಇದು ಬರೀ ಸಣ್ಣಪುಟ್ಟ ಮೋಸವಲ್ಲ ಎಂದು ನಮಗೆ ಖಾತ್ರಿಯಾಯಿತು.

ಆ ಒಂದು ಸಹಿಯಿಂದ ಏನಾಗುತ್ತದೆ ಎಂಬುದನ್ನು ನಮಗೆ ಬಿಡಿಸಿ ಹೇಳಿದ್ದು ವಕೀಲೆಯೊಬ್ಬರು. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನದ ಕಾಯ್ದೆ ಬಂದಿದ್ದು 2021ರಲ್ಲಿ, ಜಾರಿಯಾಗಿದ್ದು 2022ರ ಜನವರಿ 25ರಿಂದ. ದಾನಿಯ ವೀರ್ಯದಿಂದ ಹುಟ್ಟಿದ ಮಗು, ಚಿಕಿತ್ಸೆ ಪಡೆದ ಗಂಡ-ಹೆಂಡತಿಯ ಸ್ವಂತ ಮಗುವೆಂದೇ ಪರಿಗಣಿತವಾಗುತ್ತದೆ ಎಂದು ಅದು ಹೇಳುತ್ತದೆ. ಅಂದರೆ ಗಂಡನೆಂದು ಸಹಿ ಹಾಕಿದವನು ಕ್ಲಿನಿಕ್‌ನ ದಾಖಲೆಯಲ್ಲಿ ಆ ಮಗುವಿನ ಅಪ್ಪ. ನಾಳೆ ಅವನು ಮಗುವನ್ನು ನೋಡಬೇಕೆನ್ನಬಹುದು, ಕಸ್ಟಡಿ ಕೇಳಬಹುದು. ಅವನು ಅಪ್ಪನಲ್ಲ ಎಂದು ಸಾಧಿಸಬೇಕಾದರೆ, ನಾವು ಸುಳ್ಳು ಪ್ರಮಾಣ ಮಾಡಿದ್ದೆವು ಎಂದು ನೀವೇ ಕೋರ್ಟಿನ ಮುಂದೆ ಒಪ್ಪಿಕೊಳ್ಳಬೇಕು. ಪಾಪ, ಸ್ನೇಹಕ್ಕೆ ಕಟ್ಟುಬಿದ್ದು ಸಹಿ ಹಾಕಿದ ಗೆಳೆಯನ ಗತಿಯೂ ಅಷ್ಟೇ. ಮುಂದೆ ಅವನಿಗೆ ಮದುವೆಯಾದರೆ, ಆಸ್ತಿ ಭಾಗವಾದರೆ, ಈ ಕಾಗದ ಎಲ್ಲಿಂದಲೋ ಎದ್ದು ಬರುತ್ತದೆ.

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿ ಏನೆಂದರೆ ಈ ಸುಳ್ಳಿನ ಅಗತ್ಯವೇ ಇಲ್ಲ. ಆ ಕಾಯ್ದೆ ಮದುವೆಯಾದ ಜೋಡಿಯನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. 21 ವರ್ಷ ದಾಟಿದ ‘ಮಹಿಳೆ’ ತಾನೊಬ್ಬಳೇ ಕ್ಲಿನಿಕ್‌ಗೆ ಹೋಗಬಹುದೆಂದು ಬೇರೆಯಾಗಿಯೇ ಹೇಳುತ್ತದೆ, 50ರೊಳಗಿರಬೇಕು, ಅಷ್ಟೇ. ಗಂಡ ಬೇಡ, ಗಂಡನ ಸಹಿ ಬೇಡ. ಮಗುವನ್ನು ಹೊರುವವಳು ತನ್ನ ಹೆಸರಿನಲ್ಲೇ, ತನ್ನ ಸಹಿಯಲ್ಲೇ ಚಿಕಿತ್ಸೆ ಪಡೆಯಬಹುದು. ನಮ್ಮನ್ನು ಜೋಡಿ ಎಂದು ಕಾನೂನು ಒಪ್ಪುವುದಿಲ್ಲ ಎಂಬುದು ನಿಜ. ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ನಿರಾಕರಿಸಿತು. ಆದ್ದರಿಂದ ಪ್ರಮಾಣಪತ್ರದಲ್ಲಿ ಇಬ್ಬರು ತಾಯಂದಿರು ಎನ್ನುವುದು ಹಸಿ ಸುಳ್ಳು. ಆದರೆ ಒಬ್ಬಳು ಹೆಣ್ಣಾಗಿ ಬಾಗಿಲು ತೆರೆದೇ ಇದೆ. ದಲ್ಲಾಳಿ ಬದುಕುವುದು ಆ ಬಾಗಿಲು ಮುಚ್ಚಿದೆ ಎಂದು ನಮ್ಮನ್ನು ನಂಬಿಸಿ. ಮದುವೆಯಾಗದ ಹೆಣ್ಣೆಂದು ವಾಪಸ್ ಕಳಿಸುವ ಕ್ಲಿನಿಕ್‌ಗಳು ಅವನಿಗೆ ಆ ಕೆಲಸ ಸಲೀಸು ಮಾಡಿಕೊಡುತ್ತಿವೆ. ಆ ಡಾಕ್ಟರುಗಳ ಮೇಲೂ ನನಗೆ ಸಿಟ್ಟಿದೆ.

ಮುಂಗಡ ವಾಪಸ್ ಕೇಳಿದಾಗ ಅವನು ಇನ್ನೊಂದು ದಾರಿ ತೋರಿಸಿದ. ‘ಲೈವ್ ಡೋನರ್’ ಇದ್ದಾನೆ, ಹುಡುಗ ಮನೆಗೇ ಬರ್ತಾನೆ, ಕ್ಲಿನಿಕ್ ರಗಳೆಯೇ ಬೇಡ ಎಂದ. ಮರುದಿನ ಆ ಹುಡುಗನೇ ಮೆಸೇಜ್ ಮಾಡಿ, ಡಬ್ಬಿಯಲ್ಲಿ ಕೊಟ್ಟರೆ ಕೆಲಸ ಆಗಲ್ಲ, ‘ನ್ಯಾಚುರಲ್’ ಆಗಿ ಆದರೆ ಗ್ಯಾರಂಟಿ ಎಂದು ಬರೆದ. ಓದಿ ಇವಳ ಕೈ ನಡುಗಿತು. ಗೆಳತಿಯರಲ್ಲಿ ವಿಚಾರಿಸಿದರೆ ಇದೇ ಮಾತನ್ನು ಟೆಲಿಗ್ರಾಂನಲ್ಲಿ, ಫೇಸ್‌ಬುಕ್‌ನಲ್ಲಿ ಕೇಳಿಸಿಕೊಂಡವರು ಇದ್ದಾರೆ. ದಾನದ ಹೆಸರಿನಲ್ಲಿ ಮಲಗಲು ಕರೆಯುವವನು ದಾನಿಯಲ್ಲ. ಅಲ್ಲಿಗೇ ಬ್ಲಾಕ್ ಮಾಡಿ.

ಹಾಗೆ ಮನೆಗೆ ಬರುವ ಹುಡುಗ ಸಭ್ಯನೇ ಆಗಿದ್ದರೂ ಅಪಾಯ ತಪ್ಪಿದ್ದಲ್ಲ. ಅವನು ಕಳಿಸಿದ ರಕ್ತ ಪರೀಕ್ಷೆಯ ಪಿಡಿಎಫ್ ನಿಜವಾದದ್ದೇ ಎಂದಿಟ್ಟುಕೊಳ್ಳಿ. ಎಚ್‌ಐವಿ ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ವೀರ್ಯವನ್ನು ಶೈತ್ಯೀಕರಿಸಿಟ್ಟು, ಆರು ತಿಂಗಳಾದ ಮೇಲೆ ದಾನಿಯನ್ನು ಮತ್ತೆ ಪರೀಕ್ಷಿಸಿ ಆಮೇಲೆ ಬಳಸುವ ಪದ್ಧತಿ ಬಂದದ್ದೇ ಇದಕ್ಕೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಇಷ್ಟನ್ನೂ ವೀರ್ಯ ಬ್ಯಾಂಕ್ ಪರೀಕ್ಷಿಸಲೇಬೇಕು. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ ಎಂಬ ರಕ್ಷಣೆ ಸಿಗುವುದೂ ಈ ಕಾನೂನಿನ ದಾರಿಯಲ್ಲಿ ಹೋದಾಗಲೇ. ಮನೆಗೆ ಬಂದು ಕೊಟ್ಟುಹೋದವನು ನಾಳೆ ನಾನೇ ಅಪ್ಪ ಎಂದರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಇನ್ನೊಂದು ಮಾತು, ಇದು ಜೀವದ ಪ್ರಶ್ನೆ: ಲ್ಯಾಬಿನಲ್ಲಿ ತೊಳೆದು ಶುದ್ಧ ಮಾಡದ ವೀರ್ಯವನ್ನು ಯಾವುದೋ ನಳಿಕೆಯಲ್ಲಿ ಗರ್ಭಕೋಶದ ಒಳಕ್ಕೆ ಬಿಡುವ ಸಾಹಸ ಮನೆಯಲ್ಲಿ ಯಾರೂ ಮಾಡಬೇಡಿ. ಅದರಲ್ಲಿರುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳಿಂದ ಭಯಂಕರ ಸೆಳೆತ ಬರಬಹುದು, ಸೋಂಕೂ ಆಗಬಹುದು.

ನಾವು ಇದಕ್ಕೂ ಒಪ್ಪದೇ ಇದ್ದಾಗ ದಲ್ಲಾಳಿಯ ಕೊನೆಯ ಅಸ್ತ್ರ ಹೊರಬಿತ್ತು. ‘ನಿಮ್ ಮನೆಯವ್ರಿಗೆ ಗೊತ್ತಾ ಮೇಡಂ? ದಾವಣಗೆರೆ ಅಲ್ವಾ ನಿಮ್ದು?’ ನನ್ನ ಆಧಾರ್ ಪ್ರತಿ ಅವನ ಹತ್ತಿರವಿತ್ತು. ಅಮ್ಮನಿಗೆ ಗೊತ್ತಿದೆ, ಅಪ್ಪನಿಗೆ ಗೊತ್ತಿಲ್ಲ. ಆ ರಾತ್ರಿ ಇಬ್ಬರಿಗೂ ನಿದ್ದೆ ಇಲ್ಲ. ಬೆಳಿಗ್ಗೆ ವಕೀಲೆ ಧೈರ್ಯ ಹೇಳಿದರು. ಇಬ್ಬರು ಹೆಣ್ಣುಗಳು ಒಟ್ಟಿಗೆ ಬಾಳುವುದು ಅಪರಾಧವಲ್ಲ. ಸಲಿಂಗ ಸಂಬಂಧ ಅಪರಾಧವಲ್ಲ ಎಂದ ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪು ನಮ್ಮ ಕಡೆಗಿದೆ. ಹೆದರಿಸಿ ದುಡ್ಡು ಉಳಿಸಿಕೊಳ್ಳುವುದು, ಕೀಳುವುದು ಮಾತ್ರ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಸುಲಿಗೆಯದು. ಚಾಟ್‌ನ ಸ್ಕ್ರೀನ್‌ಶಾಟ್, ಕರೆಯ ವಿವರ, ಯುಪಿಐ ವ್ಯವಹಾರದ ಸಂಖ್ಯೆ, ಆ ಅಫಿಡವಿಟ್‌ನ ಫೋಟೊ ಎಲ್ಲವನ್ನೂ ಸೇರಿಸಿ ನೋಟಿಸ್ ಕಳಿಸಿದೆವು. ಅರ್ಧ ದುಡ್ಡು ಅದೇ ವಾರ ವಾಪಸ್ ಬಂತು. ಉಳಿದದ್ದಕ್ಕೆ ಗ್ರಾಹಕರ ಆಯೋಗದಲ್ಲಿ ದೂರು ಕೊಟ್ಟಿದ್ದೇವೆ. ಇನ್‌ಸ್ಟಾಗ್ರಾಂ ಖಾತೆ ಮಾಯವಾಯಿತು, ಬೇರೆ ಹೆಸರಿನಲ್ಲಿ ಮತ್ತೆ ಬಂದಿರಲೂಬಹುದು. ನಿಮಗೂ ಇಂಥ ಬೆದರಿಕೆ ಬಂದರೆ ದಯವಿಟ್ಟು ಚಾಟ್ ಅಳಿಸಬೇಡಿ. ಹೆದರಿಕೆಯಲ್ಲಿ ಎಲ್ಲರೂ ಮೊದಲು ಮಾಡುವುದು ಅದನ್ನೇ.

ಈಗ ಸರಿಯಾದ ದಾರಿ ಹೇಗಿರುತ್ತದೆ ಅಂತ ಹೇಳುತ್ತೇನೆ, ಗೊತ್ತಿದ್ದರೆ ಸುಳ್ಳು ಬೇಗ ಕಣ್ಣಿಗೆ ಬೀಳುತ್ತದೆ. ಕೊನೆಗೆ ನಮಗೆ ಮಲ್ಲೇಶ್ವರದ ಕಡೆ ಒಬ್ಬ ಡಾಕ್ಟರಮ್ಮ ಸಿಕ್ಕರು. ನೋಂದಣಿ ಪ್ರಮಾಣಪತ್ರ ಗೋಡೆಯ ಮೇಲೆ ಎದ್ದು ಕಾಣುವಂತೆ ತೂಗುಹಾಕಿತ್ತು. ಒಂದನೇ ಹಂತದ ಕ್ಲಿನಿಕ್ ಎಂದಿದ್ದರೆ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಬಿಡುವುದು) ಮಾತ್ರ, ಐವಿಎಫ್‌ಗೆ (ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಸೇರಿಸುವುದು) ಎರಡನೇ ಹಂತದ ನೋಂದಣಿ ಬೇಕು. ಅದನ್ನು ಓದಿ ನೋಡಿ. ಇವಳನ್ನು ಹೊರಗೆ ಕೂರಿಸಲಿಲ್ಲ. ‘ನೀವೂ ಬನ್ನಮ್ಮ, ಇಂಜೆಕ್ಷನ್ ಟೈಮ್ ನೆನಪಿಡೋರು ನೀವೇ ತಾನೆ’ ಎಂದರು. ಅಂಡಾಣು ಎಷ್ಟು ಉಳಿದಿವೆ ಎಂದು ಅಂದಾಜಿಸುವ ಎಎಂಎಚ್ ರಕ್ತ ಪರೀಕ್ಷೆ ನೋಡಿದರು, ಅಂಡನಾಳಗಳು ತೆರೆದಿವೆಯೇ ಎಂದು ಎಚ್‌ಎಸ್‌ಜಿ ಎಂಬ ಎಕ್ಸ್‌ರೇ ಮಾಡಿಸಿದರು. ಅದು ನೋಯುತ್ತದೆ, ಜೊತೆಗೊಬ್ಬರು ಇರಲಿ. ಮುಟ್ಟಾದ ಎರಡನೇ ದಿನದಿಂದ ಸ್ಕ್ಯಾನ್, ಅಂಡಾಣುಕೋಶ ಬೆಳೆದ ಮೇಲೆ ಅಂಡಾಣು ಬಿಡುಗಡೆಯಾಗಲೆಂದು ಟ್ರಿಗರ್ ಇಂಜೆಕ್ಷನ್, ಅದಾಗಿ ಸುಮಾರು 36 ಗಂಟೆಗೆ ಐಯುಐ. ಐಯುಐ ಮೊದಲ ಸಲಕ್ಕೇ ಫಲಿಸುವುದು ಕಡಿಮೆ, ವಯಸ್ಸು ಏರಿದಷ್ಟೂ ಇನ್ನೂ ಕಡಿಮೆ ಎಂದು ಅವರು ಮೊದಲೇ ಹೇಳಿದರು. ಗ್ಯಾರಂಟಿ ಎಂಬ ಪದ ಅವರ ಬಾಯಲ್ಲಿ ಬರಲಿಲ್ಲ.

ದಾನಿಯ ಫೋಟೊ ತೋರಿಸಲಿಲ್ಲ, ತೋರಿಸುವಂತೆಯೂ ಇಲ್ಲ. ವೀರ್ಯ ಬರುವುದು ನೋಂದಾಯಿತ ಬ್ಯಾಂಕಿನಿಂದಲೇ. ದಾನಿ 21ರಿಂದ 55 ವರ್ಷದೊಳಗಿನವನಿರಬೇಕು, ಒಬ್ಬನದ್ದನ್ನು ಒಂದಕ್ಕಿಂತ ಹೆಚ್ಚು ಜೋಡಿಗೆ ಕೊಡುವಂತಿಲ್ಲ, ಅವನು ಯಾರೆಂದು ನಮಗೆ ತಿಳಿಯುವುದಿಲ್ಲ. ರಕ್ತದ ಗುಂಪು, ಎತ್ತರ, ಮೈಬಣ್ಣದಂಥ ವಿವರಗಳಷ್ಟೇ. ಐಯುಐ ದಿನ ದ್ರವ ಸಾರಜನಕದಿಂದ ತೆಗೆದ ಆ ಪುಟ್ಟ ಸೀಸೆ ನಮ್ಮ ಕಿರುಬೆರಳಿನಷ್ಟೂ ಇರಲಿಲ್ಲ. ಅದರ ಮೇಲಿನ ಕೋಡ್ ಸಂಖ್ಯೆಯನ್ನು ನರ್ಸ್ ಗಟ್ಟಿಯಾಗಿ ಓದಿದರು, ಬ್ಯಾಂಕಿನ ಕಾಗದದಲ್ಲಿದ್ದ ಸಂಖ್ಯೆಯನ್ನು ಇವಳ ಕೈಯಲ್ಲಿ ಓದಿಸಿದರು. ಎರಡೂ ತಾಳೆಯಾದ ಮೇಲೆಯೇ ಮುಂದಿನ ಕೆಲಸ. ನಿಮ್ಮ ಕ್ಲಿನಿಕ್ ಹೀಗೆ ಮಾಡದಿದ್ದರೆ ನೀವೇ ಕೇಳಿ. ಇನ್ನು ಇವಳ ಅಂಡಾಣು, ನನ್ನ ಗರ್ಭ ಎಂಬ ಆಸೆ ನಮಗೂ ಇತ್ತು. ಸ್ಪೇನ್‌ನಂಥ ದೇಶದಲ್ಲಿ ಅದು ನಡೆಯುತ್ತದೆ. ಇಲ್ಲಿ ದಾನದ ಅಂಡಾಣುವೂ ಬ್ಯಾಂಕಿನ ಮೂಲಕ, ಗುರುತಿಲ್ಲದ ದಾನಿಯಿಂದಲೇ ಬರಬೇಕು. ಸಂಗಾತಿಯದಕ್ಕೆ ಜಾಗವಿಲ್ಲ. ಮಾಡಿಸಿಕೊಡುತ್ತೇನೆ ಎನ್ನುವವನು ಕದ್ದುಮುಚ್ಚಿ ಮಾಡಿಸುತ್ತಾನೆ, ಅಷ್ಟೇ.

ಇವಳ ಹೆಸರು ಎಲ್ಲೂ ಇಲ್ಲವಲ್ಲ ಎಂಬ ನೋವೇ ನಮ್ಮನ್ನು ದಲ್ಲಾಳಿಯ ಬಾಗಿಲಿಗೆ ಒಯ್ದದ್ದು. ಅದಕ್ಕೆ ಪೂರ್ತಿ ಮದ್ದು ಇವತ್ತಿಗಿಲ್ಲ. ಇರುವಷ್ಟನ್ನು ಮಾಡಿಟ್ಟುಕೊಳ್ಳಿ. ಅವಿವಾಹಿತ ತಾಯಿಯ ಅಫಿಡವಿಟ್ ಇದ್ದರೆ ಸಾಕು, ತಂದೆಯ ಹೆಸರಿಲ್ಲವೆಂದು ಜನನ ಪ್ರಮಾಣಪತ್ರ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲೇ ಹೇಳಿದೆ. ತಂದೆಯ ಕಾಲಂ ಖಾಲಿ ಇರಲಿ. ಹಿಂದೂಗಳಾದರೆ 1956ರ ಅಪ್ರಾಪ್ತ ವಯಸ್ಕರ ಪಾಲಕತ್ವದ ಕಾಯ್ದೆಯಡಿ, ತನ್ನ ನಂತರ ಮಗುವಿಗೆ ಪಾಲಕರು ಯಾರೆಂದು ತಾಯಿ ಉಯಿಲಿನಲ್ಲಿ ಬರೆದಿಡಬಹುದು. ಗರ್ಭ ನಿಲ್ಲುವ ಮೊದಲೇ ನಾನು ವಕೀಲೆಯ ಹತ್ತಿರ ಕರಡು ಮಾಡಿಸಿದ್ದೇನೆ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. ಅದರಲ್ಲಿ ಇವಳ ಹೆಸರಿದೆ.

ಓದುತ್ತಿರುವವರಲ್ಲಿ ಈಗಾಗಲೇ ಗೆಳೆಯನಿಂದಲೋ ಬಾಡಿಗೆ ಹುಡುಗನಿಂದಲೋ ಸಹಿ ಹಾಕಿಸಿದವರು ಇರಬಹುದು. ಇನ್ನೂ ಐಯುಐ ಆಗಿಲ್ಲವೆಂದರೆ ನಿಮಗೆ ಸಮಯವಿದೆ. ವೀರ್ಯ ಅಥವಾ ಭ್ರೂಣ ಗರ್ಭಕೋಶ ಸೇರುವ ಮೊದಲು ಯಾವಾಗ ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಬರವಣಿಗೆಯಲ್ಲಿ ಕೊಡಿ, ಪ್ರತಿಯ ಮೇಲೆ ಕ್ಲಿನಿಕ್‌ನ ಸೀಲು, ತಾರೀಕು ಹಾಕಿಸಿಕೊಳ್ಳಿ, ಮೂಲ ಅಫಿಡವಿಟ್ ಕೇಳಿ ವಾಪಸ್ ಪಡೆಯಿರಿ. ಐಯುಐ ಆಗಿಹೋಗಿದ್ದರೆ, ಜನನ ನೋಂದಣಿಗೆ ಮುಂಚೆ, ಇವತ್ತೇ ಒಬ್ಬ ಕುಟುಂಬ ವಕೀಲರನ್ನು ಕಾಣಿ. ಫೀಸು ಕೊಡುವ ಶಕ್ತಿ ಇಲ್ಲವೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.