ಹಳೆಯ ಕಟ್‌ನ ವಜ್ರ: ಪಕ್ಕಪಕ್ಕದಲ್ಲಿಟ್ಟು ನೋಡಿದ ನಾಲ್ಕು ಬಗೆ

ಹೊಸ ದುಂಡು ವಜ್ರ ಕೊಳ್ಳುವವರಿಗೆ ಲೆಕ್ಕಗಳು ಸಿದ್ಧವಾಗಿವೆ. 1919ರಲ್ಲಿ ವಜ್ರ ಕತ್ತರಿಸುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್‌ಸ್ಕಿ ಗಣಿತದಿಂದ ಹೊರತೆಗೆದ ಕೋನಗಳ ಆಸುಪಾಸಿನಲ್ಲೇ ಇಂದಿನ ಕಟ್‌ಗಳೂ, ಅಂದರೆ ಹರಳನ್ನು ಕತ್ತರಿಸಿ ಮುಖ ಕೊಡುವ ರೀತಿಗಳೂ, ಸುತ್ತುತ್ತವೆ. ಪ್ರಯೋಗಾಲಯದ ವರದಿಯಲ್ಲಿ ಕಟ್‌ನ ದರ್ಜೆ ನೋಡಿದರೆ ಅರ್ಧ ಕೆಲಸ ಮುಗಿಯಿತು. ಅದಕ್ಕಿಂತ ಹಿಂದಿನ ಹರಳುಗಳಿಗೆ ಈ ಅನುಕೂಲವಿಲ್ಲ. ಅವುಗಳನ್ನು ಸಾಣೆ ಹಿಡಿದವರು ನಂಬಿದ್ದು ಕಣ್ಣಳತೆಯನ್ನು, ಉಳಿಸಲು ನೋಡಿದ್ದು ಕಚ್ಚಾ ವಜ್ರದ ತೂಕವನ್ನು. ಹಾಗಾಗಿ ಒಂದರಂತೆ ಇನ್ನೊಂದಿಲ್ಲ. ‘ಓಲ್ಡ್ ಯುರೋಪಿಯನ್ ಬ್ರಿಲಿಯಂಟ್’ ಎಂದು ನಮೂದಿಸಿದ ಹಳೆಯ ದುಂಡು ಹರಳಿಗೆ, ವಜ್ರಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಜಿಐಎ ಪ್ರಯೋಗಾಲಯ ಕಟ್‌ನ ದರ್ಜೆಯನ್ನೇ ಕೊಡುವುದಿಲ್ಲ. ಬಣ್ಣ, ಶುದ್ಧತೆ, ಅಳತೆಗಳನ್ನು ವರದಿ ಹೇಳುತ್ತದೆ. ಹರಳು ಬದುಕಿದೆಯೋ ಮಂಕಾಗಿದೆಯೋ ಎಂಬುದನ್ನು ಕೊಳ್ಳುವವರೇ ನೋಡಿ ತಿಳಿಯಬೇಕು.

ಉಂಗುರಕ್ಕಾಗಿ ಹರಳು ಹುಡುಕುವಾಗ ನಾನು ನಾಲ್ಕು ಬಗೆಗಳನ್ನು ಒಟ್ಟಿಗೆ ಇಟ್ಟು ನೋಡಿದೆ: ಓಲ್ಡ್ ಮೈನ್ ಕಟ್, ಓಲ್ಡ್ ಯುರೋಪಿಯನ್ ಕಟ್, ರೋಸ್ ಕಟ್, ಮತ್ತು ಹಳೆಯ ಅಳತೆಗಳನ್ನು ಅನುಸರಿಸಿ ಈಗ ಕತ್ತರಿಸಿದ ಹೊಸ ಹರಳು. ಎಲ್ಲವೂ ಒಂದು ಕ್ಯಾರೆಟ್‌ನ ಆಸುಪಾಸಿನವು. ಅಂಗಡಿಯ ಚುಕ್ಕಿದೀಪಗಳ ಕೆಳಗೆ ನಾಲ್ಕೂ ಚೆನ್ನಾಗಿಯೇ ಕಂಡವು; ಆ ಬೆಳಕಿನಲ್ಲಿ ಗಾಜೂ ಮಿನುಗುತ್ತದೆ. ನನಗೆ ಉಪಯೋಗಕ್ಕೆ ಬಂದದ್ದು ಬೇರೆ ಮೂರು ಬೆಳಕು: ಬಿಸಿಲು ನೇರವಾಗಿ ಬೀಳದ ಕಿಟಕಿಯ ಬದಿ, ಕೋಣೆಯ ಮೂಲೆಯಲ್ಲಿ ಉರಿಯುವ ಒಂದೇ ಒಂದು ಹಳದಿ ದೀಪ, ಮತ್ತು ಮೇಜಿನ ಕೆಳಗಿನ ನೆರಳು. ಹಳೆಯ ಕಟ್‌ಗಳು ಹುಟ್ಟಿದ್ದು ಮೇಣದಬತ್ತಿ, ಎಣ್ಣೆದೀಪಗಳ ಕಾಲದಲ್ಲಿ. ಅವುಗಳ ಗುಣ ಗೊತ್ತಾಗುವುದು ಬೆಳಕು ಕಡಿಮೆಯಾದಾಗಲೇ.

ಮೊದಲು ಓಲ್ಡ್ ಮೈನ್. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಚಾಲ್ತಿಯಲ್ಲಿದ್ದ ಕಟ್ ಇದು. ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಸೇರಿಸಿದಂತಿರುವ ಕಚ್ಚಾ ವಜ್ರದ ಆಕಾರವನ್ನು ಆದಷ್ಟೂ ಉಳಿಸಿಕೊಂಡದ್ದರಿಂದ ಹೊರರೇಖೆ ದುಂಡಾಗಿರದೆ, ಮೂಲೆಗಳು ತೇದ ಚೌಕದಂತಿರುತ್ತದೆ. ಮೇಲಿನ ಸಮತಟ್ಟಾದ ಮುಖ, ಅಂದರೆ ಟೇಬಲ್, ಚಿಕ್ಕದು; ಅದರ ಸುತ್ತಲಿನ ಕ್ರೌನ್ ಎತ್ತರ; ಕೆಳಭಾಗ ಆಳ; ತಳದ ತುದಿಯನ್ನು ಚಪ್ಪಟೆಯಾಗಿ ಬಿಟ್ಟಿರುವ ಕ್ಯೂಲೆಟ್ ಬರಿಗಣ್ಣಿಗೇ ಕಾಣುವಷ್ಟು ದೊಡ್ಡದು. ಮುಖಗಳ ಸಂಖ್ಯೆ ಬ್ರಿಲಿಯಂಟ್ ಎನ್ನುವ ಇಂದಿನ ದುಂಡು ಕಟ್‌ನಂತೆಯೇ ಸಾಮಾನ್ಯವಾಗಿ 58. ಆದರೆ ಒಂದೊಂದು ಮುಖವೂ ಅಗಲ. ಪರಿಣಾಮ ಗೊತ್ತಾದದ್ದು ಹಳದಿ ದೀಪದಡಿಯಲ್ಲಿ. ಹರಳನ್ನು ಹಿಡಿದು ನಿಧಾನವಾಗಿ ವಾಲಿಸಿದಾಗ ಒಂದು ಇಡೀ ಮುಖ ಕಿತ್ತಳೆಗೆಂಪಾಗಿ ಹೊತ್ತಿಕೊಂಡು ಆರಿತು, ಇನ್ನಷ್ಟು ವಾಲಿಸಿದಾಗ ಎದುರಿನ ಭುಜದಲ್ಲಿ ನೀಲಿ ಎದ್ದಿತು. ನಡುವಿನ ಕ್ಷಣದಲ್ಲಿ ಹರಳು ಕತ್ತಲಾಗಿತ್ತು. ಹೊಸ ಬ್ರಿಲಿಯಂಟ್ ನೂರು ಸಣ್ಣ ಚುಕ್ಕೆಗಳಾಗಿ ಒಡೆದು ಕೊಡುವ ಬೆಳಕನ್ನು ಇದು ಹಿಡಿದಿಟ್ಟು, ಒಮ್ಮೆಗೆ ಒಂದು ದೊಡ್ಡ ತುಣುಕನ್ನು ಬಿಟ್ಟುಕೊಡುತ್ತದೆ. ಈ ಕತ್ತಲು ಬೆಳಕಿನ ಆಟ ಇಷ್ಟವಾಗದವರು ಓಲ್ಡ್ ಮೈನ್ ಕೊಳ್ಳಬಾರದು. ನನಗಂತೂ ಕಣ್ಣು ಕೀಳಲಾಗಲಿಲ್ಲ.

ಆದರೆ ಎಲ್ಲ ಓಲ್ಡ್ ಮೈನ್‌ಗಳೂ ಹೀಗಿರುವುದಿಲ್ಲ. ನೋಡಿದವುಗಳಲ್ಲಿ ಒಂದರ ಕೆಳಭಾಗ ತೀರಾ ಆಳವಾಗಿದ್ದು, ನಡುವೆ ಕಪ್ಪು ಕಲೆಯೊಂದು ಎಷ್ಟು ವಾಲಿಸಿದರೂ ಕದಲದೆ ಕೂತಿತ್ತು. ಆಟವಾಡುವ ಕತ್ತಲು ಬೇರೆ, ಸತ್ತ ಕತ್ತಲು ಬೇರೆ. ವಾಲಿಸಿದಾಗ ಜಾಗ ಬದಲಿಸದ ಕಪ್ಪು ಕಂಡರೆ ಹರಳನ್ನು ಕೆಳಗಿಡಿ. ಇನ್ನೊಂದು ಆಳ ಕಡಿಮೆಯಿದ್ದು, ಓರೆಯಾಗಿ ನೋಡಿದಾಗ ಟೇಬಲ್‌ನ ಒಳಗೆ ಬೂದು ಉಂಗುರವೊಂದು ಕಾಣುತ್ತಿತ್ತು. ಅದು ಗರ್ಡಲ್‌ನ, ಅಂದರೆ ಹರಳಿನ ನಡುಪಟ್ಟಿಯ ಪ್ರತಿಬಿಂಬ. ಅದೂ ಬೇಡ.

ಓಲ್ಡ್ ಯುರೋಪಿಯನ್ ಇದರ ದುಂಡಗಿನ ತಮ್ಮ. 1870ರ ದಶಕದಲ್ಲಿ ಬಾಸ್ಟನ್‌ನ ಹೆನ್ರಿ ಮೋರ್ಸ್ ಅವರ ಕಾರ್ಯಾಗಾರದಲ್ಲಿ ಹರಳಿನ ಅಂಚನ್ನು ದುಂಡಗೆ ತೇಯುವ ಯಂತ್ರ ರೂಪುಗೊಂಡಿತು. ಅಲ್ಲಿಯವರೆಗೆ ಒಂದು ವಜ್ರವನ್ನು ಇನ್ನೊಂದಕ್ಕೆ ಕೈಯಿಂದ ಉಜ್ಜಿಯೇ ಆಕಾರ ಕೊಡಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1930ರ ಸುಮಾರಿನವರೆಗಿನ ಆಭರಣಗಳಲ್ಲಿ ಈ ಕಟ್ ಹೇರಳ. ಜಿಐಎ ಇದನ್ನು ಗುರುತಿಸುವುದು ನಾಲ್ಕು ಲಕ್ಷಣಗಳಿಂದ: ಟೇಬಲ್ ಹರಳಿನ ಅಗಲದ 53 ಶೇಕಡಾ ಮೀರದಿರುವುದು, ಕ್ರೌನ್ ಕೋನ 40 ಡಿಗ್ರಿ ಅಥವಾ ಹೆಚ್ಚು, ಕೆಳಭಾಗದಲ್ಲಿ ಗರ್ಡಲ್‌ಗೆ ತಾಗಿದ ಅರ್ಧಮುಖಗಳ ಉದ್ದ ಗರ್ಡಲ್‌ನಿಂದ ತಳದ ತುದಿಯವರೆಗಿನ ದೂರದ 60 ಶೇಕಡಾ ಮೀರದಿರುವುದು, ಕ್ಯೂಲೆಟ್ ಮಧ್ಯಮ ಅಥವಾ ದೊಡ್ಡದಿರುವುದು. ಇವುಗಳಲ್ಲಿ ಮೂರಾದರೂ ಹೊಂದಬೇಕು. ಇವುಗಳಲ್ಲಿ ಕಣ್ಣಿಗೆ ಹೆಚ್ಚು ವ್ಯತ್ಯಾಸ ತರುವುದು ಮೂರನೆಯದು ಎಂದು ನನಗನ್ನಿಸಿತು. ಇಂದಿನ ಹರಳುಗಳಲ್ಲಿ ಆ ಮುಖಗಳು ತುದಿಯತ್ತ ಮುಕ್ಕಾಲು ಭಾಗಕ್ಕೂ ಹೆಚ್ಚು ದೂರ ಚಾಚಿ ಬೆಳಕನ್ನು ಸೂಜಿಗಳಾಗಿ ಸೀಳುತ್ತವೆ. ಇಲ್ಲಿ ಅವು ಮೊಟಕಾದ್ದರಿಂದ ಮುಖ್ಯ ಮುಖಗಳು ಅಗಲವಾಗಿ ಉಳಿಯುತ್ತವೆ. ಕಿಟಕಿಯ ಬದಿಯಲ್ಲಿ ಹಿಡಿದ ಹರಳು ಚದುರಂಗದ ಹಾಸಿನಂತೆ ಕಪ್ಪು ಬಿಳಿಯಾಗಿ ಕಂಡು, ಬೆರಳು ಕದಲಿದಾಗಲೆಲ್ಲ ಮನೆಗಳು ಬಣ್ಣ ಅದಲುಬದಲು ಮಾಡಿಕೊಂಡವು. ನಿಜವಾದ ಹಳೆಯ ಹರಳುಗಳಲ್ಲಿ ಬೆಳಕು ಹೆಚ್ಚಿದ್ದಾಗಲೂ ಕಡಿಮೆಯಿದ್ದಾಗಲೂ ಒಂದೇ ಸಮನೆ ಚೆನ್ನಾಗಿ ಕಂಡದ್ದು ಇದೊಂದೇ. ಓಲ್ಡ್ ಮೈನ್‌ನ ಒರಟು ಚೆಲುವು ಇದರಲ್ಲಿಲ್ಲ, ಅದರ ಅನಿಶ್ಚಿತತೆಯೂ ಇಲ್ಲ. ಮೊದಲ ಬಾರಿ ಹಳೆಯ ಕಟ್ ಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ರೋಸ್ ಕಟ್ ಈ ಸ್ಪರ್ಧೆಗೆ ಸೇರಿದ್ದೇ ಅಲ್ಲವೇನೋ. ಹದಿನಾರನೆಯ ಶತಮಾನದಷ್ಟು ಹಳೆಯದಾದ ಇದರ ತಳ ಚಪ್ಪಟೆ, ಮೇಲೆ ಗುಮ್ಮಟದಂತೆ ತ್ರಿಕೋನದ ಮುಖಗಳು. ಬೆಳಕನ್ನು ಹಿಂದಕ್ಕೆ ತಿರುಗಿಸುವ ಕೆಳಭಾಗವೇ ಇಲ್ಲದ್ದರಿಂದ ಬೆಳಕು ನೇರ ಹಾದುಹೋಗುತ್ತದೆ; ಕಪ್ಪು ಬಟ್ಟೆಯ ಮೇಲಿಟ್ಟಾಗ ಹರಳು ಕಪ್ಪಾಯಿತು, ಬೆರಳಿನ ಮೇಲಿಟ್ಟಾಗ ಚರ್ಮದ ಗೆರೆಗಳು ಕಂಡವು. ತೂಕಕ್ಕೆ ಹೋಲಿಸಿದರೆ ಹರವು ದೊಡ್ಡದು: ಒಂದು ಕ್ಯಾರೆಟ್‌ನ ಇಂದಿನ ದುಂಡು ವಜ್ರ ಸುಮಾರು 6.5 ಮಿಲಿಮೀಟರ್ ಇದ್ದರೆ, ಅಷ್ಟೇ ತೂಕದ ರೋಸ್ ಕಟ್ 7 ಮಿಲಿಮೀಟರ್ ದಾಟಬಹುದು. ಆದರೆ ಒಳಗಿನ ಕಲೆಗೆ ಅಡಗಲು ಜಾಗವಿಲ್ಲ. ಕಿವಿಯೋಲೆಗೆ ಸುಂದರ, ಒಂಟಿ ಹರಳಿನ ಉಂಗುರಕ್ಕೆ ನನಗೆ ಸಾಲಲಿಲ್ಲ. ಹಿಂಬದಿ ಮುಚ್ಚಿ, ಅಡಿಯಲ್ಲಿ ಲೋಹದ ತಗಡಿಟ್ಟು ಕಟ್ಟಿದ ಹಳೆಯ ಆಭರಣವಾದರೆ ಹರಳಿನ ನಿಜಬಣ್ಣ ಹೇಳುವಂತೆಯೇ ಇಲ್ಲ ಎಂಬುದೂ ನೆನಪಿರಲಿ.

ಇನ್ನು ಹಳೆಯ ರೀತಿಯಲ್ಲಿ ಹೊಸದಾಗಿ ಕತ್ತರಿಸಿದ್ದು. ನ್ಯಾಯವಾಗಿ ಹೇಳಬೇಕೆಂದರೆ, ಬೆಳಕಿನ ಲೆಕ್ಕದಲ್ಲಿ ನಾಲ್ಕರಲ್ಲಿ ಇದೇ ಮುಂದು. ಎಲ್ಲೂ ಸತ್ತ ಜಾಗವಿಲ್ಲ, ಎಂಟೂ ದಿಕ್ಕಿಗೆ ಒಂದೇ ಅಳತೆ, ಅಂಚು ಗಟ್ಟಿ. ದಿನವೂ ಕೈಕೆಲಸ ಮಾಡುವವರಿಗೆ ಇದರಷ್ಟು ನೆಮ್ಮದಿಯ ಆಯ್ಕೆ ಇಲ್ಲ. ನನ್ನ ಆಕ್ಷೇಪ ಹರಳಿನ ಮೇಲಲ್ಲ, ಅದನ್ನು ಹಳೆಯದೆಂದು ಮಾರುವವರ ಮೇಲೆ. ಹತ್ತು ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹಳೆಯ ಹರಳಿನ ಗರ್ಡಲ್ ಸಾಮಾನ್ಯವಾಗಿ ಸಾಣೆ ಕಾಣದೆ ಸಕ್ಕರೆಬಿಳುಪಾಗಿರುತ್ತದೆ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಅಲಗಿನಷ್ಟು ತೆಳು. ಮುಖಗಳು ಕೂಡುವ ಗೆರೆಗಳಲ್ಲಿ ಸವೆತದ ಬಿಳಿ. ಹೊಸದರಲ್ಲಿ ಗರ್ಡಲ್‌ಗೂ ಸಣ್ಣ ಮುಖಗಳನ್ನು ಕೊಟ್ಟಿರುವುದೇ ಹೆಚ್ಚು, ಗೆರೆಗಳು ಚೂಪು. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವನ್ನೂ ಈಗ ಈ ಕಟ್‌ಗಳಲ್ಲಿ ಕತ್ತರಿಸುತ್ತಾರೆ. ಅದನ್ನು ಲೂಪ್ ಹೇಳಲಾರದು, ವರದಿಯೇ ಬೇಕು. ವಜ್ರದಂತೆ ಕಾಣುವ ಬೇರೆ ಹರಳಾದ ಮಾಯ್ಸನೈಟ್ ಆಗಿದ್ದರೆ ಮಾತ್ರ ಸುಲಭ: ಓರೆಯಾಗಿ ನೋಡಿದಾಗ ಹಿಂಬದಿಯ ಮುಖಗಳ ಗೆರೆಗಳು ಜೋಡಿಜೋಡಿಯಾಗಿ ಕಾಣುತ್ತವೆ, ವಜ್ರದಲ್ಲಿ ಹಾಗಾಗುವುದಿಲ್ಲ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ, ಬಣ್ಣದ ದರ್ಜೆ ಆದಷ್ಟು ಮೇಲಿರಲಿ ಎಂಬ ಅಂಗಡಿಯವರ ಸಲಹೆಗೆ ವಿರುದ್ಧ. ಪ್ರಯೋಗಾಲಯದವರು ಹರಳನ್ನು ತಲೆಕೆಳಗಾಗಿಟ್ಟು ಬದಿಯಿಂದ ನೋಡಿ ಬಣ್ಣದ ಅಕ್ಷರ ಕೊಡುತ್ತಾರೆ: ಡಿ ಎಂದರೆ ಬಣ್ಣವಿಲ್ಲದ್ದು, ಝಡ್‌ನತ್ತ ಹೋದಂತೆ ಹಳದಿ ಹೆಚ್ಚು. ತೊಡುವವರು ನೋಡುವುದು ಮೇಲಿನಿಂದ. ಕೆ, ಎಲ್ ಎಂದು ಬರೆದ ಓಲ್ಡ್ ಮೈನ್‌ಗಳು ಹಳದಿ ಬಂಗಾರದ ಮೇಲಿಟ್ಟಾಗ ಬೆಚ್ಚಗೆ ಕಂಡವೇ ಹೊರತು ಹಳದಿಯಾಗಿ ಕಾಣಲಿಲ್ಲ. ಮೇಲಿನ ಅಕ್ಷರಕ್ಕೆ ತೆರುವ ಹಣವನ್ನು ಒಳ್ಳೆಯ ಕಟ್‌ಗೆ ತೆರುವುದು ಮೇಲು.

ಕೊನೆಗೆ ನಾನು ಕೊಂಡದ್ದು ಓಲ್ಡ್ ಮೈನ್. ಓಲ್ಡ್ ಯುರೋಪಿಯನ್ ಜಾಣತನದ ಆಯ್ಕೆ ಎಂದು ಗೊತ್ತಿದ್ದೂ, ಸಂಜೆಯ ದೀಪದಲ್ಲಿ ಆ ಅಗಲವಾದ ಬೆಂಕಿ ಕಂಡ ಮೇಲೆ ಬೇರೆಯದಕ್ಕೆ ಮನಸ್ಸು ಒಪ್ಪಲಿಲ್ಲ. ಹಣ ಕೊಡುವ ಮೊದಲು ಹರಳನ್ನು ಅದು ಕೂತಿದ್ದ ಹಳೆಯ ಉಂಗುರದಿಂದ ಬಿಡಿಸಿ ತೋರಿಸಲು ಕೇಳಿದೆ. ಹರಳನ್ನು ಹಿಡಿದಿಡುವ ಕೊಂಡಿಗಳ ಅಡಿಯಲ್ಲಿ ಏಟು ಬಿದ್ದದ್ದು ಮುಚ್ಚಿಹೋಗಿರುತ್ತದೆ, ತೂಕವೂ ಬಣ್ಣವೂ ಬಿಡಿಹರಳಿನಲ್ಲೇ ಖಚಿತ. ಕ್ಯೂಲೆಟ್‌ನ ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಮೇಲಿನಿಂದ ಬಿಳಿ ಚುಕ್ಕೆಯೊಂದು ಸುತ್ತಲ ಮುಖಗಳಲ್ಲೆಲ್ಲ ಪ್ರತಿಫಲಿಸಿ ಕಾಣುತ್ತದೆ, ಇದರಲ್ಲಿ ಅದಿರಲಿಲ್ಲ. ಗರ್ಡಲ್ ಒಂದು ಮೂಲೆಯಲ್ಲಿ ಮಾತ್ರ ಅಪಾಯವೆನಿಸುವಷ್ಟು ತೆಳು. ಮರುಸಾಣೆ ಹಿಡಿಸಿದರೆ ಅದು ಸರಿಹೋಗುತ್ತಿತ್ತು, ಆದರೆ ತೂಕದ ಜೊತೆಗೆ ಹಳೆಯ ರೂಪವೂ ಹೋಗುತ್ತಿತ್ತು. ಬದಲಿಗೆ ಕೊಂಡಿ ಬಿಟ್ಟು, ಸುತ್ತಲೂ ಬಂಗಾರದ ತೆಳು ಪಟ್ಟಿ ತಬ್ಬುವಂತೆ, ಹಿಂಬದಿ ತೆರೆದಿಟ್ಟು ಕೂರಿಸಲು ಹೇಳಿದ್ದೇನೆ. ಮೂಲೆ ಲೋಹದೊಳಗೆ ಸೇರಿದ ಮೇಲೆ ಮೇಜಿನ ಅಂಚಿಗೆ ತಾಗಿದರೂ ಪೆಟ್ಟು ಬೀಳುವುದು ಬಂಗಾರಕ್ಕೆ.