ಮನೆಯಲ್ಲಿ ನೋಡಲು ಯಾವುದು? ‘ಕೆಜಿಎಫ್’ ಒಂದು ಕಡೆ, ‘ಬಂಗಾರದ ಮನುಷ್ಯ’ ಇನ್ನೊಂದು ಕಡೆ

ಮನೆಮಂದಿಯೆಲ್ಲ ಸೇರಿದಾಗ ಟೀವಿಯಲ್ಲಿ ಯಾವ ಸಿನಿಮಾ ಹಾಕಬೇಕು? ಬಂಗಾರಪೇಟೆಯ ನಮ್ಮ ಮನೆಯಲ್ಲಿ ಈ ಜಗಳ ಕೊನೆಗೆ ಎರಡು ಹೆಸರಿಗೆ ಬಂದು ನಿಲ್ಲುತ್ತದೆ. ಅಮ್ಮನಿಗೆ 1972ರ ‘ಬಂಗಾರದ ಮನುಷ್ಯ’ ಬೇಕು. ಅಕ್ಕನ ಮಗನಿಗೆ 2018ರ ‘ಕೆಜಿಎಫ್’ ಮೊದಲ ಭಾಗ ಬೇಕು. ಎರಡನ್ನೂ ಅದೇ ಹಾಲ್‌ನಲ್ಲಿ, ಅದೇ ಟೀವಿಯಲ್ಲಿ, ಅದೇ ಜನರ ಜೊತೆ ಕೂತು ನೋಡಿದ್ದೇನೆ. ನನ್ನ ಓಟು ಅಮ್ಮನ ಕಡೆಗೇ.

ಮೊದಲು ‘ಕೆಜಿಎಫ್’. ಥಿಯೇಟರಿನಲ್ಲಿ ನೋಡಿದಾಗ ಮೈ ಜುಮ್ ಅಂದಿತ್ತು, ಅದರಲ್ಲಿ ಎರಡು ಮಾತಿಲ್ಲ. ಮನೆಯಲ್ಲಿ ಅದೇ ಸಿನಿಮಾ ಕಷ್ಟ ಕೊಡುತ್ತದೆ. ಭುವನ್ ಗೌಡ ಅವರ ಕ್ಯಾಮೆರಾ ಕಪ್ಪು, ಕಂದು, ಬೂದಿ ಬಣ್ಣಗಳಲ್ಲೇ ಓಡಾಡುತ್ತದೆ. ಹಗಲು ಹೊತ್ತು ಕಿಟಕಿ ಬೆಳಕು ಟೀವಿ ಮೇಲೆ ಬಿದ್ದರೆ ಗಣಿಯೊಳಗಿನ ಅರ್ಧ ದೃಶ್ಯ ಕಾಣಿಸುವುದೇ ಇಲ್ಲ. ರವಿ ಬಸ್ರೂರು ಅವರ ಸಂಗೀತ ಏರಿದಾಗ ಸೌಂಡ್ ಇಳಿಸಬೇಕು, ಮಾತು ಬಂದಾಗ ಮತ್ತೆ ಏರಿಸಬೇಕು. ರಿಮೋಟ್ ಕೆಳಗಿಡೋ ಹಾಗೇ ಇಲ್ಲ. ಕಥೆ ಹಿಂದೆ ಮುಂದೆ ಜಿಗಿಯುವುದರಿಂದ ಒಬ್ಬರು ಕಾಫಿ ತರಲು ಎದ್ದು ಹೋದರೆ ಸಾಕು, ವಾಪಸ್ ಬಂದು “ಇವನ್ಯಾರು?” ಅಂತ ಕೇಳುತ್ತಾರೆ. ಅನಂತ್ ನಾಗ್ ಅವರ ದನಿ ಮಾತ್ರ ಮನೆಯಲ್ಲೂ ಚೆನ್ನಾಗಿ ತಲುಪುತ್ತದೆ. ಅವರು ಕಥೆ ಹೇಳುವಾಗ ಅಮ್ಮ ಕೂಡ ಕಿವಿಗೊಟ್ಟು ಕೂರುತ್ತಾರೆ. ಎರಡನೇ ಭಾಗದಲ್ಲಿ ಆ ದನಿ ಇಲ್ಲ. ಆ ಜಾಗಕ್ಕೆ ಪ್ರಕಾಶ್ ರಾಜ್ ಬಂದಿದ್ದಾರೆ. ಮನೆಯಲ್ಲಿ ಆ ಭಾಗ ನಮಗೆ ಇನ್ನೂ ದೂರವೇ ಉಳಿಯಿತು.

ಆದರೂ ಎರಡು ಕಡೆ ‘ಕೆಜಿಎಫ್’ ನಮ್ಮನ್ನು ಹಿಡಿದು ಕೂರಿಸಿತು. ಒಂದು, ನಾಯಕ ರಾಕಿ ನಡುರಸ್ತೆಯಲ್ಲಿ ಗಾಡಿಗಳನ್ನು ನಿಲ್ಲಿಸಿ, ಮಗು ಎತ್ತಿಕೊಂಡ ತಾಯಿಗೆ ಬಿದ್ದ ಬನ್ ಎತ್ತಿಕೊಡುವುದು. ಇನ್ನೊಂದು, ಕಣ್ಣು ಕಾಣದ ಮುದುಕನನ್ನು ಕಾವಲುಗಾರರಿಂದ ಉಳಿಸುವುದು. ಎರಡರಲ್ಲೂ ಗದ್ದಲಕ್ಕಿಂತ ಮುಖಗಳೇ ಜಾಸ್ತಿ. ಚಿಕ್ಕ ಪರದೆಗೆ ಬೇಕಾಗಿದ್ದೂ ಅದೇ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಇಲ್ಲಿಂದ ಮಾರಿಕುಪ್ಪಂ ರೈಲು ಹತ್ತಿದರೆ ನಿಜವಾದ ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ ಊರು ಸಿಗುತ್ತದೆ. ಸಿನಿಮಾ ತೆಗೆದ ಸೈನೈಡ್ ಗುಡ್ಡಗಳನ್ನು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳನ್ನು, ಚಿಕ್ಕಂದಿನಿಂದ ನೋಡಿಕೊಂಡು ಬಂದವರು ನಾವು. ಸಿನಿಮಾದಲ್ಲಿ ಚಿನ್ನ ಸಿಗುವುದು 1951ರಲ್ಲಿ. ನಿಜದಲ್ಲಿ ಜಾನ್ ಟೇಲರ್ ಕಂಪನಿ 1880ರ ದಶಕದಲ್ಲೇ ಇಲ್ಲಿ ಚಿನ್ನ ತೆಗೆಯುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. 2001ರಲ್ಲಿ ಗಣಿ ಮುಚ್ಚಿತು. ಕಟ್ಟುಕಥೆ ಅಂದಮೇಲೆ ವರ್ಷ ಬದಲಾಗಲಿ, ನನ್ನದೇನೂ ತಕರಾರಿಲ್ಲ. ನನ್ನ ನೋವು ಬೇರೆ. ಸಿನಿಮಾದ ಗಣಿಜನ ಬಾಯಿಲ್ಲದವರು, ಯಾರೋ ಬಂದು ಉಳಿಸಲಿ ಅಂತ ಕಾಯುವವರು. ಇಲ್ಲಿನ ಜನ ಹಾಗೆ ಕಾದು ಕೂತವರಲ್ಲ. 1930ರಲ್ಲಿ ಬೆರಳಚ್ಚು ಕೊಡಬೇಕು ಅನ್ನುವ ನಿಯಮದ ವಿರುದ್ಧ ಗಣಿ ಕಾರ್ಮಿಕರು ತಾವೇ ಕೆಲಸ ನಿಲ್ಲಿಸಿ ನಿಂತರು. ಗಣಿ ಧೂಳಿನಿಂದ ಶ್ವಾಸಕೋಶ ಹಾಳಾದವರು, ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಬಾಳಿದ ತಮಿಳು, ತೆಲುಗು ಕುಟುಂಬಗಳು, ಇವರ ಕಥೆಗೆ ಇಷ್ಟು ದೊಡ್ಡ ಕ್ಯಾಮೆರಾ ಇನ್ನೂ ತಿರುಗಬೇಕಿದೆ.

ಈಗ ‘ಬಂಗಾರದ ಮನುಷ್ಯ’. ನಿರ್ದೇಶಕ ಸಿದ್ದಲಿಂಗಯ್ಯ ತುಮಕೂರು ಜಿಲ್ಲೆಯ ಶಿರಾ ಕಡೆಯವರು, ಬಯಲುಸೀಮೆ ಬಲ್ಲವರು. ಅದು ಸಿನಿಮಾದಲ್ಲಿ ಗೊತ್ತಾಗುತ್ತದೆ. ಭಾವ ತೀರಿಕೊಂಡ ಮೇಲೆ ಅಕ್ಕನ ಸಂಸಾರ ಹೊತ್ತು, ಕಲ್ಲು ತುಂಬಿದ ನೆಲವನ್ನು ಹೊಲ ಮಾಡುವ ರಾಜೀವಪ್ಪನ ಕಥೆ ಇದು. ದೃಶ್ಯಗಳು ನಿಧಾನ. ಮಾತಿಗೂ ಮಾತಿಗೂ ನಡುವೆ ಜಾಗ ಇದೆ. ಆ ಜಾಗದಲ್ಲಿ ನಮ್ಮ ಮನೆಯವರೂ ಮಾತಾಡುತ್ತಾರೆ, ಆದರೂ ಏನೂ ತಪ್ಪಿಹೋಗುವುದಿಲ್ಲ. ಬಾಲಕೃಷ್ಣ ಅವರ ರಾಚೂಟಪ್ಪ ಬಂದರೆ ಅಡುಗೆಮನೆಯಲ್ಲಿದ್ದವರೂ ಹೊರಗೆ ಬರುತ್ತಾರೆ.

ಬಂಡೆ ಒಡೆಯುವ ಭಾಗ ಬಂದಾಗ ನಮ್ಮಲ್ಲಿ ಮಾತು ಬೇರೆ ಕಡೆಗೆ ಹೊರಳುತ್ತದೆ. ಇಲ್ಲಿ ಈಗ ಸಾವಿರ ಅಡಿ ಕೊರೆದರೂ ಬೋರ್‌ನಲ್ಲಿ ನೀರು ಸಿಗುತ್ತದೆ ಅನ್ನುವ ಭರವಸೆ ಇಲ್ಲ. ತೆರೆದ ಬಾವಿಗಳು ಬತ್ತಿ ಯಾವ ಕಾಲವಾಯಿತೋ. ದುಡಿದರೆ ಭೂಮಿ ಕೊಟ್ಟೇ ಕೊಡುತ್ತದೆ ಅನ್ನುವ ರಾಜೀವಪ್ಪನ ನಂಬಿಕೆ ಕೋಲಾರದ ರೈತನಿಗೆ ಪೂರ್ತಿ ಒಪ್ಪಿಗೆಯಾಗದು. ಟೊಮೆಟೊ ಬೆಳೆದು, ಮಂಡಿಯಲ್ಲಿ ಬೆಲೆ ಬಿದ್ದು, ಬಾಕ್ಸ್‌ಗಟ್ಟಲೆ ರಸ್ತೆಗೆ ಸುರಿದವರನ್ನು ನಾವು ನೋಡಿದ್ದೇವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಒಳ್ಳೆಯದೋ ಕೆಟ್ಟದ್ದೋ ಅಂತ ದೊಡ್ಡಪ್ಪನೂ ಅಪ್ಪನೂ ಸಿನಿಮಾ ಮಧ್ಯೆಯೇ ಜೋರಾಗಿ ವಾದ ಮಾಡುತ್ತಾರೆ. ಅರ್ಧ ಶತಮಾನ ಹಳೆಯ ಸಿನಿಮಾ ಇವತ್ತಿಗೂ ಮನೆಯಲ್ಲಿ ಇಂಥ ಮಾತು ಎಬ್ಬಿಸುತ್ತದೆ ಅನ್ನುವುದೇ ನನಗೆ ದೊಡ್ಡ ವಿಷಯ.

ಕೊರತೆ ಇಲ್ಲ ಅಂತಲ್ಲ. ದ್ವಾರಕೀಶ್ ಅವರ ಹಾಸ್ಯದ ಭಾಗ ಈಗ ಎಳೆದ ಹಾಗೆ ಅನ್ನಿಸುತ್ತದೆ. ರಾಜೀವಪ್ಪನ ಹೆಂಡತಿ ಲಕ್ಷ್ಮಿಯ ಪಾತ್ರಕ್ಕೆ ಭಾರತಿ ಜೀವ ತುಂಬಿದ್ದಾರೆ, ಆದರೆ ಕಥೆ ಅವಳನ್ನು ಬೇಗ ಸಾಯಿಸಿಬಿಡುತ್ತದೆ. ಅದು ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಊಟಕ್ಕೆ ಕೂತ ರಾಜೀವಪ್ಪನನ್ನು ಅವನ ಅಕ್ಕನ ಮಗ, ವಜ್ರಮುನಿಯ ಕೇಶವ ಅವಮಾನಿಸುವ ದೃಶ್ಯ ಬಂದರೆ ಮಾತ್ರ ಎಲ್ಲ ವಾದವೂ ನಿಂತುಹೋಗುತ್ತದೆ. ಅಲ್ಲಿ ಹೊಡೆದಾಟ ಇಲ್ಲ. ತಿನ್ನೋ ಅನ್ನ ಬಿಟ್ಟು ಒಬ್ಬ ಮನುಷ್ಯ ಎದ್ದು ಹೋಗುತ್ತಾನೆ, ಅಷ್ಟೇ. ‘ಕೆಜಿಎಫ್’ ಅಭಿಮಾನಿಯಾದ ನನ್ನ ಅಕ್ಕನ ಮಗ ಕೂಡ ಆ ಹೊತ್ತಿಗೆ ಮೊಬೈಲ್ ಕೆಳಗಿಟ್ಟಿದ್ದ.

ಎರಡರ ಜಗಳ ಬಗೆಹರಿಯದಿದ್ದರೆ ಸಿದ್ದಲಿಂಗಯ್ಯನವರದ್ದೇ 1974ರ ‘ಭೂತಯ್ಯನ ಮಗ ಅಯ್ಯು’ ಹಾಕಿ. ಲೋಕನಾಥ್ ಅವರ ಉಪ್ಪಿನಕಾಯಿ ದೃಶ್ಯಕ್ಕೆ ನಮ್ಮ ಮನೆಯಲ್ಲಿ ಎರಡೂ ಪಕ್ಷದವರು ಒಟ್ಟಿಗೆ ನಗುತ್ತಾರೆ. ‘ಕೆಜಿಎಫ್’ ನೋಡಲೇಬೇಕು ಅಂತ ಹುಡುಗರು ಹಟ ಹಿಡಿದರೆ ರಾತ್ರಿ ಹಾಕಿ, ದೀಪ ಆರಿಸಿ, ಊಟ ಮೊದಲೇ ಮುಗಿಸಿ ಕೂರಿ.